ವೇದವ್ಯಾಸರ ನ್ಯಾಯಬದ್ಧ ಬ್ರಹ್ಮಾಂಡ

"ಈ ಬ್ರಹ್ಮಾಂಡ ಮಾಡಿದವಗ ಸಂಖ್ಯಾಶಾಸ್ತ್ರ ಬರೂದಿಲ್ಲ. ಮುಂದಿಂದು ನಾನೇ ಮಾಡ್ತೇನಿ," ಎಂದು ವೇದವ್ಯಾಸರು ಘೋಷಿಸಿದಾಗ ಅವರ ಹೆಂಡತಿ ಮಂಜುಷಾ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತಿದ್ದಳು.

"ಮಾಡ್ರಿ. ಅದಕ್ಕ ಮೊದಲ ಹಂಗೇ ಹೋಗಿ ಮೊಸರು ತಂದುಬಿಡ್ರಿ," ಎಂದಳು.

ಬ್ರಹ್ಮಾಂಡದ ಮೇಲೆ ಅವರಿಗೆ ಸಿಟ್ಟು ಬರಲು ಕಾರಣವಿತ್ತು. ಜೇವರ್ಗಿ ಕಾಲೋನಿಯ ಆ ಮನೆಯಲ್ಲಿ ಪ್ರತಿ ಭಾನುವಾರ ಒಂದು ಬಾಹ್ಯಾಕಾಶದ ಆಟ ನಡೆಯುತ್ತಿತ್ತು. ಪ್ರತಿ ಸಲವೂ ಕಂಪ್ಯೂಟರು ಹೊಸದೊಂದು ನಕ್ಷತ್ರಲೋಕವನ್ನು ತನ್ನ ಮನಸ್ಸಿಗೆ ಬಂದಂತೆ ಚೆಲ್ಲಿ, ಆಟಗಾರರಿಗೆ ಎಲ್ಲೆಂದರಲ್ಲಿ ಒಂದೊಂದು ತಾಯಿಗ್ರಹ ಕೊಡುತ್ತದೆ. ಅಲ್ಲಿಂದ ಹಡಗು ಕಳಿಸಿ, ಸುತ್ತಲಿನ ಗ್ರಹಗಳಲ್ಲಿ ಜನರನ್ನು ಇಳಿಸಿ, ಧಾನ್ಯ ಬೆಳೆದು, ಕಬ್ಬಿಣ ತೆಗೆದು ರಾಜ್ಯ ಕಟ್ಟಬೇಕು. ನಲವತ್ತು ಸರದಿ ಮುಗಿದಾಗ ಯಾರ ಕೈಯಲ್ಲಿ ಹೆಚ್ಚು ಗ್ರಹಗಳಿರುತ್ತವೆಯೋ ಅವರು ಗೆದ್ದರು. ಅಷ್ಟೇ ಆಟ.

ಆಡುವವರು ನಾಲ್ವರು. ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ, ಚಹಾಪುಡಿಯನ್ನು ಚಮಚೆಯಿಂದಲ್ಲದೆ ಗ್ರಾಮಿನಿಂದ ಅಳೆಯುವ ವೇದವ್ಯಾಸರು ಒಬ್ಬರು. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ಮಂಜುಷಾ ಇನ್ನೊಬ್ಬಳು. ಮೂರನೆಯವರು ಮಹಡಿಯ ಮೇಲೆ ಬಾಡಿಗೆಗಿರುವ ಸೂಗಪ್ಪ. ನೆಹರು ಗಂಜ್‌ನಲ್ಲಿ ಅವರದು ತೊಗರಿಬೇಳೆಯ ಸಗಟು ವ್ಯಾಪಾರ. ನಾಲ್ಕನೆಯವರು ಕಮಲಾಪುರದಲ್ಲಿ ಮಗನ ಸಂಸಾರದ ಜೊತೆಗಿದ್ದು, ಅಲ್ಲಿಂದಲೇ ಟ್ಯಾಬ್ ಹಿಡಿದು ಆಡುವ ಮಂಜುಷಾಳ ತಾಯಿ ಅನಸೂಯಾಬಾಯಿ. ವಯಸ್ಸು ಅರವತ್ತೊಂಬತ್ತು, ಪೋಸ್ಟ್ ಮಾಸ್ತರ್ ಆಗಿ ನಿವೃತ್ತರಾದವರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಹೊಸ ಕಣ್ಣನ್ನು ಏನಕ್ಕಾದರೂ ಬಳಸಬೇಕೆಂದು ಈ ಆಟ ಕಲಿತಿದ್ದರು.

ಇದುವರೆಗಿನ ಹನ್ನೊಂದು ಭಾನುವಾರವೂ ಅನಸೂಯಾಬಾಯಿಯವರೇ ಮೊದಲು. ಎರಡು ಮತ್ತು ಮೂರರಲ್ಲಿ ಸೂಗಪ್ಪ, ಮಂಜುಷಾ ಆಗಾಗ ಹಿಂದುಮುಂದಾಗುತ್ತಿದ್ದರು. ನಾಲ್ಕನೆಯ ಸ್ಥಾನಕ್ಕೆ ಮಾತ್ರ ಸ್ಪರ್ಧೆಯೇ ಇರಲಿಲ್ಲ.

ವೇದವ್ಯಾಸರು ಪ್ರತಿ ಸೋಲಿನ ಕಾರಣವನ್ನು ತಾರೀಖು ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮೊದಲ ವಾರ: ತಾಯಿಗ್ರಹದ ಸುತ್ತ ಕಬ್ಬಿಣವಿಲ್ಲ. ಮೂರನೆಯ ವಾರ: ಎಡಕ್ಕೆ ಧೂಳಿನ ಮೋಡ. ಆರನೆಯ ವಾರ: ಅತಿ ಸಮೀಪದ ನೆರೆರಾಜ್ಯ ಅತ್ತೆಯವರದು. ಹನ್ನೊಂದೂ ಸೋಲಿಗೆ ಒಟ್ಟು ಕಾರಣ ಒಂದೇ. ಆರಂಭದ ಸ್ಥಾನ ಅನ್ಯಾಯದ್ದು.

ಇದೆಲ್ಲ ಬರೀ ಆಟವಾಗಿದ್ದರೆ ಅವರು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಡುವೆ ಮನೆಯ ಮುಂದಿನ ಕೋಣೆ ಬಂದಿತ್ತು. ರಸ್ತೆಗೆ ಬಾಗಿಲಿರುವ, ದೊಡ್ಡ ಕಿಟಕಿಯ ಕೋಣೆ. ಅದರಲ್ಲಿ ಸಂಜೆ ಎರಡು ತಾಸು ತನ್ನದೇ ಕ್ಲಿನಿಕ್ಕು ನಡೆಸಬೇಕೆಂಬುದು ಮಂಜುಷಾಳ ನಾಲ್ಕು ವರ್ಷದ ಆಸೆ. ಬೇರೆಯವರ ಕ್ಲಿನಿಕ್ಕಿನಲ್ಲಿ ಬೇರೆಯವರ ಹೆಸರಿನ ಬೋರ್ಡಿನ ಕೆಳಗೆ ಒಂಬತ್ತು ವರ್ಷ ಭುಜ ತಿರುಗಿಸಿ, ಮಂಡಿ ಮಡಚಿಸಿ ಅವಳಿಗೆ ಸಾಕಾಗಿತ್ತು. ಅದೇ ಕೋಣೆಯಲ್ಲಿ ಕಂಪ್ಯೂಟರು, ದೂರದರ್ಶಕ, ಹಳೆಯ ಪತ್ರಿಕೆಗಳ ಹದಿನಾಲ್ಕು ಡಬ್ಬಿ ಇಟ್ಟು ಅಧ್ಯಯನ ಕೊಠಡಿ ಮಾಡಬೇಕೆಂಬುದು ವೇದವ್ಯಾಸರ ಆಸೆ. ಡಬ್ಬಿಗಳು ಆಗಲೇ ಅಲ್ಲಿ ಬಂದು ಕುಳಿತಿದ್ದವು. ವಾದ ಬಗೆಹರಿಯದೆ ಒಂದು ದಿನ ಮಂಜುಷಾಳೇ ಹೇಳಿದ್ದಳು:

"ಆಟದಾಗ ನಮ್ಮಿಬ್ಬರೊಳಗ ಯಾರು ಮುಂದ ಬರ್ತಾರ, ಕೋಣಿ ಅವರದು. ಒಪ್ಪಿಗೀ?"

"ಆಟ ನ್ಯಾಯದ್ದಿದ್ರ ಒಪ್ಪಿಗಿ. ಈಗಿಂದು ನ್ಯಾಯ ಇಲ್ಲ."

"ಹಂಗಾದ್ರ ನ್ಯಾಯದ್ದು ತಯಾರ ಮಾಡ್ರಿ. ನಾ ಬ್ಯಾಡ ಅಂದೇನೇನು?"

ಹೀಗೆ ಬ್ರಹ್ಮಾಂಡದ ಗುತ್ತಿಗೆ ವೇದವ್ಯಾಸರ ಕೈಗೆ ಬಂತು.

ಮೊದಲು, ಮನಸ್ಸಿಗೆ ಬಂದಂತೆ ಚೆಲ್ಲಿದ್ದು ಸಮನಾಗಿ ಹರಡುವುದಿಲ್ಲ ಎಂಬುದನ್ನು ಹೆಂಡತಿಗೆ ಕಣ್ಣಾರೆ ತೋರಿಸಬೇಕೆಂದು ಅವರಿಗೆ ಅನ್ನಿಸಿತು. ಪ್ರಯೋಗಕ್ಕೆ ನಕ್ಷತ್ರಗಳು ಬೇಕಾಗಿದ್ದವು. ಸೂಗಪ್ಪನವರು ಕೊಟ್ಟಿದ್ದ ತೊಗರಿಬೇಳೆಯ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು. ಮುಂದಿನ ಕೋಣೆಯ ನೆಲದಲ್ಲಿ ಸರಿಯಾಗಿ ನೂರು ಟೈಲ್ಸ್. ನಾನೂರು ಬೇಳೆ ಚೆಲ್ಲಿದರೆ ಟೈಲ್ಸಿಗೆ ಸರಾಸರಿ ನಾಲ್ಕು ಬೀಳಬೇಕು. ಅವರು ನಾನೂರು ಎಣಿಸಿ, ಕಣ್ಣು ಮುಚ್ಚಿ ಚೆಲ್ಲಿದರು. ಒಂದು ಟೈಲ್ಸಿನಲ್ಲಿ ಹನ್ನೊಂದು ಬಿದ್ದಿದ್ದವು, ಕಿಟಕಿಯ ಕೆಳಗಿನ ಮೂರರಲ್ಲಿ ಒಂದೂ ಇಲ್ಲ. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಒಂದೇ ಸಲದ ಪ್ರಯೋಗಕ್ಕೆ ಬೆಲೆಯಿಲ್ಲವೆಂದು ಅವರೇ ವರ್ಷವರ್ಷ ಹುಡುಗರಿಗೆ ಕಲಿಸುತ್ತಿದ್ದರಲ್ಲ. ಎರಡನೆಯ ಸಲ, ಮೂರನೆಯ ಸಲ ಚೆಲ್ಲಿದರು. ಗುಡಿಸಿ ತೆಗೆಯುವುದು ತಡವಾಗುತ್ತದೆಂದು ಪ್ರತಿ ಸಲ ಹೊಸ ಬೇಳೆ ತೆಗೆದುಕೊಂಡು, ಹಳೆಯದನ್ನು ಗೋಡೆಗೆ ತಳ್ಳಿದರು. ನಾಲ್ಕನೆಯ ಸಲಕ್ಕೆ ಎಣಿಸುವ ತಾಳ್ಮೆ ಹೋಗಿ, ತೂಕದ ಲೆಕ್ಕದಲ್ಲಿ ತೆಗೆಯೋಣವೆಂದು ಡಬ್ಬಿ ಎತ್ತಿದರು. ಡಬ್ಬಿಯ ಮುಚ್ಚಳ ಕೈಯಲ್ಲಿ ಉಳಿಯಿತು. ಡಬ್ಬಿ ಉಳಿಯಲಿಲ್ಲ.

ಮಂಜುಷಾ ಕ್ಲಿನಿಕ್ಕಿನಿಂದ ಬಂದು ಬಾಗಿಲು ತೆರೆದಾಗ ನೆಲದ ಮೇಲೆ ಎರಡು ಕಿಲೋ ತೊಗರಿಬೇಳೆ ಹರಡಿತ್ತು. ಅದರ ನಡುವೆ ಗಂಡ ಮಂಡಿಯೂರಿ ಕುಳಿತು ಟೈಲ್ಸು ಎಣಿಸುತ್ತಿದ್ದರು.

"ಇದೇನ್ರೀ ಇದು? ಬಿತ್ತನಿಗೆ ಕೂತೀರೇನು?"

"ಒಳಗ ಕಾಲಿಡಬ್ಯಾಡ. ಇದು ನಕ್ಷತ್ರಲೋಕ."

"ನಾಳಿನ ಸಾರೂ ಇದೇ ಅಲ್ಲೇನ್ರೀ?"

ಗದ್ದಲ ಕೇಳಿ ಸೂಗಪ್ಪ ಮೆಟ್ಟಿಲಿಳಿದು ಬಂದರು. ಬಾಗಿಲಲ್ಲೇ ನಿಂತು, ನಾಲ್ಕು ಕಾಳು ಆರಿಸಿ ಅಂಗೈಯಲ್ಲಿ ಉರುಳಿಸಿ ನೋಡಿದರು.

"ಮಾಲು ನಂದೇ ಅದ. ಏನ್ ತಪ್ಪು ಮಾಡಿತ್ರೀ ಸರ್, ಹಿಂಗ ನೆಲಕ್ಕ ಹಾಕೀರಿ?"

"ತಪ್ಪು ಮಾಡಿಲ್ಲ ಸೂಗಪ್ಪ. ಸತ್ಯ ಹೇಳ್ಯದ. ನೋಡ್ರಿ, ಈ ಮೂಲಿಗೆ ಒಂದು ಕಾಳಿಲ್ಲ. ನಾ ಪ್ರತಿ ವಾರ ಹುಟ್ಟೂದು ಈ ಮೂಲ್ಯಾಗ."

"ಮತ್ತ ಅನಸೂಯಾಬಾಯಾರು?"

ವೇದವ್ಯಾಸರು ಡಬ್ಬಿ ಬಿದ್ದ ಜಾಗ ತೋರಿಸಿದರು. ಅಲ್ಲಿ ಗುಡ್ಡೆಯೇ ಇತ್ತು.

ಆ ಸಂಜೆ ಅವರು ನಕ್ಷತ್ರಲೋಕವನ್ನು ಒಂದೊಂದೇ ಕಾಳಾಗಿ ಆರಿಸಿದರು. ಮಂಜುಷಾ ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕುಳಿತು, ಸೋಫಾದ ಕೆಳಗೆ ಇನ್ನೂ ಎಷ್ಟು ಗ್ರಹಗಳಿವೆಯೆಂದು ತೋರಿಸುತ್ತಿದ್ದಳು.

ಮುಂದಿನ ಹದಿನೈದು ದಿನ ಕಾಲೇಜಿನಿಂದ ಬಂದವರೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಯಾವುದೇ ತಾಯಿಗ್ರಹದ ಯೋಗ್ಯತೆಯನ್ನು ನೂರು ಅಂಕಕ್ಕೆ ಅಳೆಯುವ ಒಂದು ಪ್ರೋಗ್ರಾಂ ಬರೆದರು. ಹಡಗಿನ ಮೂರು ಜಿಗಿತದೊಳಗೆ ಎಷ್ಟು ಗ್ರಹ, ಎಷ್ಟು ಧಾನ್ಯ, ಎಷ್ಟು ಕಬ್ಬಿಣ, ನೆರೆಯವರು ಎಷ್ಟು ದೂರ, ಬರುವ ದಾರಿಗಳೆಷ್ಟು, ಧೂಳಿನ ಮೋಡಕ್ಕೆ ಎಷ್ಟು ಅಂಕ ಕಳೆಯಬೇಕು ಎಂಬುದಕ್ಕೆಲ್ಲ ಸೂತ್ರ ಬಂತು. ಆಮೇಲೆ ಕಂಪ್ಯೂಟರಿನಿಂದ ಒಂದರ ಹಿಂದೊಂದು ನಕ್ಷತ್ರಲೋಕ ಹುಟ್ಟಿಸಿ, ಪ್ರತಿಯೊಂದರ ನಾಲ್ಕೂ ಸ್ಥಾನಗಳಿಗೆ ಅಂಕ ಹಾಕಿಸಿದರು. ಮೊದಲ ಸಾವಿರದಲ್ಲಿ ಒಂದೂ ಪಾಸಾಗಲಿಲ್ಲ. ಒಬ್ಬರಿಗೆ ಎಂಬತ್ತು ಅಂಕದ ತಾಯಿಗ್ರಹ ಸಿಕ್ಕರೆ ಇನ್ನೊಬ್ಬರಿಗೆ ನಲವತ್ತರದು. "ನೋಡಿದ್ಯಾ? ನಾ ಹೇಳಿದ್ದು ಖರೆ ಅದ," ಎಂದು ಪ್ರತಿ ನೂರಕ್ಕೊಮ್ಮೆ ಅಡುಗೆಮನೆಗೆ ವರದಿ ಹೋಗುತ್ತಿತ್ತು. ಸಾವಿರದ ನೂರಾ ನಲವತ್ತೇಳನೆಯದು ಬಂದಾಗ ಅವರು ಕುರ್ಚಿಯಿಂದ ಎದ್ದು ನಿಂತರು. ಅದರಲ್ಲಿ ನಾಲ್ಕೂ ಸ್ಥಾನಗಳಿಗೆ ತೊಂಬತ್ತೆರಡರ ಆಸುಪಾಸಿನ ಅಂಕ ಬಂದಿತ್ತು, ಅತಿ ದೊಡ್ಡ ವ್ಯತ್ಯಾಸವೆಂದರೆ ಅರ್ಧ ಅಂಕ.

ಈ ಬ್ರಹ್ಮಾಂಡಕ್ಕೆ ಅವರು ಒಂದು ಪ್ರಮಾಣಪತ್ರ ಮುದ್ರಿಸಿದರು. ಕೆಳಗೆ ನಾಲ್ಕು ಸಾಲಿನ ಕರಾರು. ಅದರ ಮೂರನೆಯ ಸಾಲು ಹೀಗಿತ್ತು: "ಎಲ್ಲ ಸ್ಥಾನಗಳೂ ಸಮವೆಂದು ಸಿದ್ಧವಾಗಿರುವುದರಿಂದ, ಆಟ ಆರಂಭವಾದ ಮೇಲೆ ಯಾವ ಆಟಗಾರರೂ ಸ್ಥಾನದ ಬಗ್ಗೆ ತಕರಾರು ಮಾಡತಕ್ಕದ್ದಲ್ಲ."

ಸೂಗಪ್ಪ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. "ಸರ್, ಇಷ್ಟು ವಾರ ತಕರಾರು ಮಾಡಿದವರು ಯಾರ್ಯಾರು ಅಂತ ಕೇಳಬಹುದೇನ್ರೀ?"

"ಸಹಿ ಮಾಡ್ರಿ," ಎಂದರು ವೇದವ್ಯಾಸರು.

ಇನ್ನೊಂದು ಅನ್ಯಾಯ ಬಾಕಿ ಇತ್ತು. ಅತ್ತೆಯವರು ಕಮಲಾಪುರದಲ್ಲಿ, ಉಳಿದವರು ಕಲಬುರಗಿಯಲ್ಲಿ. ನೆಟ್‌ವರ್ಕಿನ ವೇಗ ಎರಡೂ ಕಡೆ ಒಂದೇ ಇರುವುದಿಲ್ಲ. ಹೀಗಾಗಿ ಆ ಭಾನುವಾರ ಬೆಳಿಗ್ಗೆ ಸೂಗಪ್ಪನವರ ಕಾರಿನಲ್ಲಿ ಮೂವರೂ ಲ್ಯಾಪ್‌ಟಾಪು, ವೈರು, ಪ್ರಮಾಣಪತ್ರದ ನಾಲ್ಕು ಪ್ರತಿ ಸಮೇತ ಕಮಲಾಪುರಕ್ಕೆ ಹೊರಟರು.

ಅನಸೂಯಾಬಾಯಿಯವರು ಬಾಗಿಲಲ್ಲೇ ಇದ್ದರು.

"ಬರ್ರಿ ಜಾವಾಯಿಬಾಪು. ಹೊಸಾ ಬ್ರಹ್ಮಾಂಡ ಮಾಡಿರಂತ. ಸೋರ್ತದೇನು?" ಎಂದು ಕೇಳಿದರು. ಮರಾಠಿಯಲ್ಲಿ ಅಳಿಯನಿಗೆ ಕೊಡುವ ಈ ಮರ್ಯಾದೆಯ ಹೆಸರನ್ನು ಅವರು ಚೇಷ್ಟೆ ಮಾಡುವಾಗ ಮಾತ್ರ ಬಳಸುತ್ತಿದ್ದರು.

"ಸೋರೂದಿಲ್ಲ ಅತ್ತಿಯವರ. ನಾಲ್ಕೂ ಮೂಲಿ ಬರೋಬ್ಬರಿ. ಕೂದಲೆಳಿ ಫರಕ್ ಇಲ್ಲ."

ಚಹಾ ಆಯಿತು. ನಡುಮನೆಯ ದೊಡ್ಡ ಮೇಜಿನ ನಾಲ್ಕು ಬದಿಗೆ ನಾಲ್ವರು ಕುಳಿತರು. ಮಧ್ಯದಲ್ಲಿ ಒಂದು ಬುಟ್ಟಿ ಕಮಲಾಪುರದ ಕೆಂಪು ಬಾಳೆಹಣ್ಣು. ಯಾರಿಗೆ ಯಾವ ಸ್ಥಾನ ಎಂದು ಚೀಟಿ ಎತ್ತಲು ವೇದವ್ಯಾಸರು ಕಾಗದ ಹರಿಯತೊಡಗಿದಾಗ ಅತ್ತೆಯವರು ಕೈ ಅಡ್ಡ ಹಿಡಿದರು.

"ಚೀಟಿ ಯಾಕ? ಈ ನಕಾಶಿ ಮಾಡಿದವರು ಯಾರು?"

"ನಾನೇ."

"ಹಂಗಾದ್ರ ನೀವು ಕಡೀಕ. ನಮ್ಮ ಮನ್ಯಾಗ ಹೊಲ ಪಾಲಾದಾಗ ನಿಮ್ಮ ಮಾವನವರೇ ಅಳದು ನಾಲ್ಕು ಪಾಲು ಮಾಡಿದ್ರು. ಸಣ್ಣ ತಮ್ಮ ಮೊದಲ ಆರಿಸಿದ, ಆಮ್ಯಾಲ ಉಳದವರು. ಇವರು ಕಡೀಕ ಉಳದದ್ದು ತಗೊಂಡ್ರು. ಪಾಲು ಮಾಡಿದ ಕೈ ಆರಸಬಾರದು. ಇಲ್ಲಿ ಮಂದಿ ಎಲ್ಲಾ ಹಿಂಗೇ ಮಾಡ್ತಾರ."

ವೇದವ್ಯಾಸರಿಗೆ ಇದು ಬಹಳ ಹಿಡಿಸಿತು. ಕೊನೆಗೆ ಉಳಿಯುವುದು ತನಗೇ ಎಂದು ಗೊತ್ತಿದ್ದವನು ನಾಲ್ಕೂ ಪಾಲು ಸಮನಾಗಿಯೇ ಮಾಡುತ್ತಾನೆ. ಇಷ್ಟು ಅಚ್ಚುಕಟ್ಟಾದ ಪ್ರಮೇಯ ಮಾವನವರ ಹೊಲದ ಬದುವಿನ ಮೇಲೆ ಬಿದ್ದಿತ್ತೆಂದು ಅವರಿಗೆ ತಿಳಿದಿರಲಿಲ್ಲ. "ಸಂತೋಷದಿಂದ," ಎಂದರು.

ಅನಸೂಯಾಬಾಯಿಯವರು ಈಶಾನ್ಯದ ಸ್ಥಾನ ಆರಿಸಿದರು.

"ಯಾಕ್ರೀ ಅದೇ?" ಎಂದು ಅಳಿಯ ಕೇಳಿದರು.

"ಕುಂಕುಮದ ಬಣ್ಣದ ನಕ್ಷತ್ರ ಅದ. ಚಂದ ಕಾಣಸ್ತದ."

ವೇದವ್ಯಾಸರು ಒಳಗೊಳಗೇ ನಕ್ಕರು. ಮಂಜುಷಾ ವಾಯವ್ಯ ಹಿಡಿದಳು. ಸೂಗಪ್ಪ ಉಳಿದ ಎರಡೂ ಸ್ಥಾನಗಳನ್ನು ಗಂಜಿನಲ್ಲಿ ಎರಡು ಚೀಲ ನೋಡುವಂತೆ ಹತ್ತಿರದಿಂದ, ದೂರದಿಂದ ನೋಡಿ, "ಆಗ್ನೇಯದ ಮಾಲು ನನಗಿರಲಿ," ಎಂದರು. ನೈರುತ್ಯ ಉಳಿಯಿತು.

ಉಳಿದ ಕ್ಷಣದಿಂದಲೇ ಅದರ ಮುಖ ಬದಲಾಯಿತು. ಹದಿನೈದು ದಿನ ಸರಿಯಾಗಿ ಕಂಡ ಮೂಲೆ ಈಗ ಯಾಕೋ ಸೊರಗಿದಂತಿತ್ತು. ಎಡಕ್ಕೆ ಧೂಳಿನ ಮೋಡ ಸ್ವಲ್ಪ ದಪ್ಪವಾಗಿಯೇ ಇತ್ತಲ್ಲ?

"ಮೋಡಕ್ಕ ನಾ ಅಂಕ ಕಮ್ಮಿ ಕಳದೇನೋ ಏನೋ," ಎಂದು ಅವರು ಗೊಣಗಿದರು.

ಮಂಜುಷಾ ಪ್ರಮಾಣಪತ್ರ ಅವರ ಮುಂದೆ ಸರಿಸಿ ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು.

ಆಟ ಒಂದು ತಾಸು ನಡೆಯಿತು. ನಲವತ್ತನೆಯ ಸರದಿ ಮುಗಿದಾಗ ಅನಸೂಯಾಬಾಯಿ ಮೂವತ್ತೊಂದು ಗ್ರಹ, ಸೂಗಪ್ಪ ಇಪ್ಪತ್ತೆರಡು, ಮಂಜುಷಾ ಇಪ್ಪತ್ತು, ವೇದವ್ಯಾಸರು ಒಂಬತ್ತು.

"ಕೋಣಿ ಬಂತು," ಎಂದು ಮಂಜುಷಾ ಮೆಲ್ಲಗೆ ಹೇಳಿದಳು. ಅವಳ ದನಿ ಗೆದ್ದವರ ದನಿಯಾಗಿರಲಿಲ್ಲ. ನಾಲ್ಕು ವರ್ಷದ ಬಯಕೆ ಹೀಗೆ ಒಂದು ತಾಸಿನಲ್ಲಿ ಕೈಗೆ ಬಂದದ್ದನ್ನು ನಂಬಬೇಕೋ ಬೇಡವೋ ಎಂದು ಅವಳು ಗಂಡನ ಮುಖ ನೋಡುತ್ತಿದ್ದಳು.

ಗಂಡ ಪರದೆ ನೋಡುತ್ತಿದ್ದರು. "ತಡಿ. ಇದು ತಕರಾರಲ್ಲ, ಬರೇ ವಿಚಾರ. ಈ ಸೋಲು ಜಾಗಾದಿಂದ ಆತೋ ನನ್ನಿಂದ ಆತೋ ಅಂತ ಒಂದು ಆಟದಾಗ ತಿಳಿಯೂದಿಲ್ಲ. ಇದೇ ನಕಾಶಿ ಇಟ್ಟು ಜಾಗಾ ಅದಲಿಬದಲಿ ಮಾಡಿ ಆಡಬೇಕು."

"ಆಡೋಣ ಬರ್ರಿ. ನನ್ನ ಜಾಗಾ ತಗೋರಿ," ಎಂದು ಮಂಜುಷಾ ಎದ್ದಳು. ನಿಂತಲ್ಲೇ ಯೋಚಿಸಿ ಮತ್ತೆ ಹೇಳಿದಳು: "ಇನ್ನೂ ಛಲೋ ಹೇಳ್ತೇನಿ. ಇದೂ ಸೇರಿ ಒಟ್ಟು ನಾಲ್ಕು ಆಟ ಆಡೋಣ. ಎಲ್ಲಾರೂ ಎಲ್ಲಾ ಜಾಗಾದಾಗ ಒಮ್ಮೆ ಕೂಡೋಣ. ನಾಲ್ಕರೊಳಗ ಒಂದರಾಗ ನೀವು ನನ್ನಕಿಂತ ಮುಂದ ಬಂದ್ರೂ ಕೋಣಿ ನಿಮ್ಮದು."

"ಮಂಜೀ, ಹಂಗ ಮಾತು ಕೊಡಬ್ಯಾಡ," ಎಂದರು ತಾಯಿ.

"ಇರಲಿ ಬಿಡವ್ವಾ. ಆಮ್ಯಾಲ ಜೀವನಪೂರ್ತಿ ಧೂಳಿನ ಮೋಡದ ಮಾತು ಕೇಳೂದು ನಾನು, ನೀ ಅಲ್ಲ."

ವೇದವ್ಯಾಸರ ಕಣ್ಣು ಹೊಳೆದವು. ನಾಲ್ಕು ಜನ, ನಾಲ್ಕು ಸ್ಥಾನ, ನಾಲ್ಕು ಆಟ. ಪ್ರತಿಯೊಬ್ಬರೂ ಪ್ರತಿ ಸ್ಥಾನದಲ್ಲಿ ಒಮ್ಮೊಮ್ಮೆ. ಪಠ್ಯಪುಸ್ತಕದಲ್ಲಿ ಕೃಷಿ ಪ್ರಯೋಗಗಳಿಗೆ ಹೇಳಿದ ಚೌಕದ ವಿನ್ಯಾಸ ಇದೇ. ಹದಿನೆಂಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದದ್ದು ಇವತ್ತು ತನ್ನ ಸಂಸಾರದಲ್ಲಿ ಜೀವಂತವಾಗಿ ನಡೆಯಲಿದೆ. ಕಾಗದದ ಮೇಲೆ ಚೌಕ ಗೀಚಿ ಹೆಸರು ತುಂಬಿದರು.

ಎರಡನೆಯ ಆಟ ವಾಯವ್ಯದಿಂದ ಆಡಿದರು. ಎಂಟು ಗ್ರಹ. ಒಂದು ಬಾಳೆಹಣ್ಣು ತಿಂದರು.

ಊಟಕ್ಕೆ ಭಕ್ರಿ, ಝುಣಕ, ಮೊಸರು. ಉಂಡು, ಮೂರನೆಯ ಆಟಕ್ಕೆ ಸೂಗಪ್ಪನವರ ಆಗ್ನೇಯಕ್ಕೆ ಹೋದರು. ಹೋಗುವಾಗ ಸೂಗಪ್ಪ ಉದಾರವಾಗಿ ಗುಟ್ಟೂ ಹೇಳಿಕೊಟ್ಟರು: "ಸರ್, ಬಲಗಡೆ ಮೂರು ಧಾನ್ಯದ ಗ್ರಹ ಅದಾವ ನೋಡ್ರಿ. ಕಣ್ಣು ಮುಚ್ಚಿ ತಗೋರಿ."

"ಮುಚ್ಚಿ ಯಾಕ? ನೋಡೇ ತಗೋತೀನಿ," ಎಂದರು ವೇದವ್ಯಾಸರು. ಅವರು ನೋಡುವಷ್ಟರಲ್ಲಿ ಆ ಮೂರರಲ್ಲಿ ಎರಡನ್ನು ಮಂಜುಷಾ ತೆಗೆದುಕೊಂಡಿದ್ದಳು. ಹನ್ನೊಂದು ಗ್ರಹ. ಇದು ಅವರ ಆ ದಿನದ ಅತ್ಯುತ್ತಮ ಸಾಧನೆ. ಮಂಜುಷಾಳದು ಇಪ್ಪತ್ತಮೂರು.

ನಾಲ್ಕನೆಯ ಆಟದ ಹೊತ್ತಿಗೆ ಬಿಸಿಲು ಇಳಿದಿತ್ತು. ಈಗ ಸಾಕ್ಷಾತ್ ಅನಸೂಯಾಬಾಯಿಯವರ ಸಿಂಹಾಸನ, ಮೊದಲ ಆಟದಲ್ಲಿ ಮೂವತ್ತೊಂದು ಗ್ರಹ ಗೆದ್ದ ಕುಂಕುಮ ಬಣ್ಣದ ನಕ್ಷತ್ರ, ವೇದವ್ಯಾಸರದಾಯಿತು. ಅತ್ತೆಯವರ ಪಾಲಿಗೆ ಬಂದದ್ದು ಬೆಳಿಗ್ಗೆ ಅಳಿಯ ಮೂಗು ಮುರಿದ ನೈರುತ್ಯ. ಬೆಳಿಗ್ಗೆಯೇ ಗೆದ್ದ ಕೋಣೆಯನ್ನು ಮತ್ತೆ ಪಣಕ್ಕಿಟ್ಟ ತಪ್ಪು ಮಂಜುಷಾಳಿಗೆ ಈಗ ಚೆನ್ನಾಗಿ ಅರಿವಾಗಿತ್ತು.

"ಅತ್ತಿಯವರ, ನಿಮ್ಮ ಮೂಲ್ಯಾಗ ಧೂಳಿನ ಮೋಡ ಅದ, ಹುಷಾರು," ಎಂದು ವೇದವ್ಯಾಸರು ಧಾರಾಳವಾಗಿ ಎಚ್ಚರಿಸಿದರು.

"ಅದೇ ಛಲೋ. ಮೋಡದಾಗಿಂದ ಯಾರೂ ಬರೂದಿಲ್ಲ. ಆ ಕಡಿ ಬಾಗಲಾ ಹಾಕಿದ್ಹಂಗ ಆತು."

ನಲವತ್ತು ಸರದಿಯ ನಂತರ ಅತ್ತೆಯವರದು ಇಪ್ಪತ್ತೊಂಬತ್ತು. ಸೂಗಪ್ಪನವರದು ಇಪ್ಪತ್ತೊಂದು, ಮಂಜುಷಾಳದು ಇಪ್ಪತ್ತೆರಡು. ಕುಂಕುಮ ಬಣ್ಣದ ನಕ್ಷತ್ರದ ಒಡೆಯರದು ಹತ್ತು.

ಸೂಗಪ್ಪ ಬುಟ್ಟಿಯನ್ನು ಮೆಲ್ಲಗೆ ವೇದವ್ಯಾಸರ ಕಡೆ ಸರಿಸಿದರು. ವೇದವ್ಯಾಸರು ಹಣ್ಣು ತೆಗೆದುಕೊಳ್ಳದೆ ಕಾಗದ ತೆಗೆದುಕೊಂಡರು. ಎಷ್ಟಾದರೂ ವಿಜ್ಞಾನಿ. ನಾಲ್ಕು ಅಡ್ಡಸಾಲು, ನಾಲ್ಕು ಉದ್ದಸಾಲು ತುಂಬಿ, ಕೂಡಿಸಿ, ಭಾಗಿಸಿದರು. ಈಶಾನ್ಯದಲ್ಲಿ ಕುಳಿತವರ ಸರಾಸರಿ ಇಪ್ಪತ್ತು. ವಾಯವ್ಯ ಇಪ್ಪತ್ತು. ಉಳಿದ ಎರಡೂ ಅದರ ಆಸುಪಾಸು. ಸ್ಥಾನದಿಂದ ಆದ ವ್ಯತ್ಯಾಸ ಲೆಕ್ಕಕ್ಕೇ ಸಿಗುವಂಥದ್ದಲ್ಲ.

"ನನ್ನ ಬ್ರಹ್ಮಾಂಡ ಪೂರಾ ನ್ಯಾಯದ್ದು ಅಂತ ಸಿದ್ಧ ಆತು," ಎಂದರು. ಅವರ ದನಿಯಲ್ಲಿ ಹೆಮ್ಮೆಯೂ ದುಃಖವೂ ಸಮಸಮವಾಗಿದ್ದವು.

"ಸರ್, ನಾಲ್ಕೂ ದಿಕ್ಕಿನಿಂದ ಸೋತು ಸಿದ್ಧ ಮಾಡಿದ್ರಿ. ಇಂಥಾ ಪುರಾವೆ ಯಾವ ಕೋರ್ಟಿನಾಗೂ ಸಿಗಂಗಿಲ್ಲ," ಎಂದರು ಸೂಗಪ್ಪ.

"ಆದ್ರ ನಾ ಯಾಕ ಸೋಲ್ತೇನಿ? ಅದೊಂದು ತಿಳೀವಲ್ದು."

ಅನಸೂಯಾಬಾಯಿಯವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಕೇಳತೀರಂತ ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ಪ್ರತಿ ಆಟ ಸುರು ಆತಂದ್ರ ನಿಮ್ಮದೊಂದು ಹಡಗ ಬಂದು ನಮ್ಮ ಬಾಗಲಾಗ ನಿಲ್ತದ. ಚಹಾ ಕುಡಿಸಿ ಕಳಸೋಣಂದ್ರ ಅದರಾಗ ಮಂದೀನೇ ಇರೂದಿಲ್ಲ. ನೋಡ್ತದ, ಹೋಗ್ತದ. ಮತ್ತೊಂದು ಬರ್ತದ."

"ನಮ್ಮ ಕಡೀಗೂ ಬರ್ತದ್ರಿ ಬಾಯಾರ," ಎಂದರು ಸೂಗಪ್ಪ. "ನಾ ಸರ್ಕಾರದ ಸರ್ವೇದವರು ಬಂದಾರಂತ ತಿಳಕೊಂಡಿದ್ದೆ."

ವೇದವ್ಯಾಸರು ಆಟದ ದಾಖಲೆ ತೆರೆದರು. ನಾಲ್ಕೂ ಆಟದ ಮೊದಲ ಹತ್ತು ಸರದಿಗಳಲ್ಲಿ ಅತ್ತೆಯವರು ಏಳೇಳು ಗ್ರಹಗಳಲ್ಲಿ ಜನರನ್ನು ಇಳಿಸಿದ್ದರು. ಮಂಜುಷಾ ಐದೈದು. ಇವರು ಇಳಿಸಿದ್ದು ಸೊನ್ನೆ. ಕಟ್ಟಿದ ಹಡಗೆಲ್ಲ ವೀಕ್ಷಣೆಯ ಹಡಗು. ಅವು ಹೋದದ್ದು ಉಳಿದ ಮೂವರ ತಾಯಿಗ್ರಹಗಳಿಗೆ. ಅವರ ಜಾಗ ತನ್ನದಕ್ಕಿಂತ ಎಷ್ಟು ಚೆನ್ನಾಗಿದೆಯೆಂದು ಅಳೆದು ಬರುವುದಕ್ಕೆ. ಅಳತೆ ಮುಗಿಯುವಷ್ಟರಲ್ಲಿ ಅವರ ಜಾಗ ನಿಜವಾಗಿಯೂ ಚೆನ್ನಾಗಿಬಿಟ್ಟಿರುತ್ತಿತ್ತು.

ಅವರು ಆ ನಾಲ್ಕೂ ಸೊನ್ನೆಗಳನ್ನು ಕೂಡಿಸಿ ನೋಡಿದರು. ಆಮೇಲೆ ಲ್ಯಾಪ್‌ಟಾಪು ಮುಚ್ಚಿ ಹೆಂಡತಿಯ ಕಡೆ ತಿರುಗಿದರು.

"ಬೋರ್ಡಿನ ಮ್ಯಾಲ ನಿನ್ನ ಹೆಸರು ಕನ್ನಡದಾಗ ಬರಸೋಣೋ ಇಂಗ್ಲಿಷಿನಾಗೋ?"

ಮಂಜುಷಾ ಒಂದು ಬಾಳೆಹಣ್ಣು ಸುಲಿದು ಅರ್ಧ ಮುರಿದು ಅವರ ಕೈಗಿಟ್ಟಳು. ಎರಡು ಅರ್ಧಗಳೂ ಸಮವಾಗಿದ್ದವೋ ಇಲ್ಲವೋ, ಅವರು ನೋಡಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಕೋಣೆ ಖಾಲಿ ಮಾಡುವ ಕೆಲಸ. ಹದಿನಾಲ್ಕೂ ಡಬ್ಬಿಗಳನ್ನು ವೇದವ್ಯಾಸರೇ ಹೊತ್ತು ಮೆಟ್ಟಿಲ ಕೆಳಗೆ ಇಟ್ಟರು. ನಾಲ್ಕು ಆಟದಲ್ಲಿ ಹಿಡಿದ ಕುತ್ತಿಗೆ ಇನ್ನೂ ಬಿಟ್ಟಿರಲಿಲ್ಲ, ಆದರೂ ಹೊತ್ತರು. ಅಷ್ಟರಲ್ಲಿ ರೋಗಿಗಳನ್ನು ಮಲಗಿಸುವ ಎತ್ತರದ ಮಂಚ ಬಂತು.

"ಇದನ್ನ ಎಲ್ಲಿ ಹಾಕಲಿ?" ಎಂದು ಮಂಜುಷಾ ಕೇಳಿದಳು.

"ತಡಿ, ಅವಸರ ಮಾಡಬ್ಯಾಡ. ಕಿಟಕಿ ಬೆಳಕು ಎಷ್ಟು ದೂರ, ಫ್ಯಾನು ಎಷ್ಟು ದೂರ, ಬಾಗಲಾ ಎಷ್ಟು ದೂರ, ಎಲ್ಲಾ ಅಳದು ಹಾಕೋಣು. ನಾ ಟೇಪು ತರ್ತೇನಿ."

ಟೇಪು ಯಾವುದೋ ಒಂದು ಡಬ್ಬಿಯಲ್ಲಿತ್ತು. ಒಂಬತ್ತನೆಯ ಡಬ್ಬಿಯಲ್ಲಿ ಸಿಕ್ಕಿತು. ಗ್ರಾಫ್ ಹಾಳೆ ಹನ್ನೆರಡನೆಯದರಲ್ಲಿ. ಪೆನ್ಸಿಲು ಚೂಪು ಮಾಡಿಕೊಂಡು ಅವರು ಹೊರಗಿನಿಂದ ಬಳಸಿ ಮುಂದಿನ ಬಾಗಿಲಿಗೆ ಬಂದಾಗ ಫ್ಯಾನಿನ ಕೆಳಗೆ ಮಂಚ ಹಾಕಿಯಾಗಿತ್ತು, ಪರದೆ ತೂಗಿಯಾಗಿತ್ತು. ಮಂಚದ ಮೇಲೆ ಸೂಗಪ್ಪ ಬೋರಲಾಗಿ ಮಲಗಿ ಚೀಲ ಎತ್ತಿ ಎತ್ತಿ ಹಾಳಾದ ಭುಜವನ್ನು ಮಂಜುಷಾಳ ಕೈಗೆ ಕೊಟ್ಟು ನರಳುತ್ತಿದ್ದರು. ಹೊರಗಿನ ಕಟ್ಟೆಯ ಮೇಲೆ ಎದುರು ಮನೆಯ ವಹಾಬ್ ಸೊಂಟ ಹಿಡಿದುಕೊಂಡು, ಅವರ ಹೆಂಡತಿ ಸಕೀನಾ ಮಂಡಿ ನೀವಿಕೊಂಡು ಕುಳಿತಿದ್ದರು.

"ಕುತ್ತಿಗಿ ತೋರಸಾಕ ಬಂದ್ರೇನು?" ಎಂದು ಮಂಜುಷಾ ತಲೆಯೆತ್ತದೆ ಕೇಳಿದಳು. "ಚಪ್ಪಲಿ ಅಲ್ಲೇ ಬಿಟ್ಟು ಕೂಡ್ರಿ. ಸೂಗಪ್ಪನವರು, ವಹಾಬ್ ಭಾಯಿ, ಸಕೀನಾ ಆಪಾ. ನಿಮ್ಮದು ನಾಲ್ಕನೇ ನಂಬರು."

ವೇದವ್ಯಾಸರು ಟೇಪು ಜೇಬಿಗೆ ಹಾಕಿಕೊಂಡು ಕಟ್ಟೆಯ ತುದಿಯಲ್ಲಿ ಕುಳಿತರು. ಸಕೀನಾ ಸ್ವಲ್ಪ ಸರಿದು ಜಾಗ ಕೊಟ್ಟು, ನಿಜವಾದ ಕನಿಕರದಿಂದ ಕೇಳಿದಳು:

"ನಾಲ್ಕನೇದು ಹ್ಯಾಂಗಾತ್ರೀ ಸರ್? ಎಲ್ಲಾರಕಿಂತ ಹತ್ತಿರದ ಜಾಗಾ ನಿಮ್ದೇ ಇತ್ತಲ್ಲ?"